ನಾಲ್ಕನೆಯ ಕಾಲು

ಬ್ಯಾಂಕು ನನ್ನನ್ನು ಹುಬ್ಬಳ್ಳಿಯಿಂದ ಬನಾರಸ್ಸಿಗೆ ವರ್ಗ ಮಾಡಿದಾಗ ನನ್ನ ಜೊತೆ ಬಂದವರು ಅತ್ತೆ. ಗಂಡನಿಗೆ ಅಲ್ಲಿಯ ಕಾಲೇಜಿನ ಕೆಲಸ ಬಿಟ್ಟು ಬರುವಂತಿರಲಿಲ್ಲ. "ಗೊತ್ತಿಲ್ಲದ ಊರಾಗ ಒಬ್ಬಾಕಿ ಯಾಕ ಇರತಿ, ನಾ ಬರತೇನಿ" ಎಂದು ಅತ್ತೆ ತಮ್ಮ ಟ್ರಂಕನ್ನು ತಾವೇ ತುಂಬಿದರು. ಶಿವಾಲ ಎಂಬಲ್ಲಿ, ಗಂಗೆಯ ಘಾಟಿಗೆ ಇಳಿಯುವ ಒಂದು ಗಲ್ಲಿಯಲ್ಲಿ, ಎರಡನೆಯ ಮಹಡಿಯ ಮನೆ ಸಿಕ್ಕಿತು. ಮೆಟ್ಟಿಲು ಕಡಿದು, ನೆಲವೆಲ್ಲ ನುಣುಪು ಕಲ್ಲು. ಅತ್ತೆಗೆ ಆಗಲೇ ಎರಡೂ ಮೊಣಕಾಲು ಹಿಡಿದುಕೊಂಡಿದ್ದವು. ಒಮ್ಮೆ ಮೇಲೆ ಹತ್ತಿ ಕೂತರೆ ವಾರಗಟ್ಟಲೆ ಇಳಿಯುತ್ತಿರಲಿಲ್ಲ.

ನಾಯಿ ಬಂದದ್ದು ಮೊದಲ ಮಳೆಗಾಲದಲ್ಲಿ. ಗಂಗೆ ಮೆಟ್ಟಿಲುಗಳನ್ನೆಲ್ಲ ನುಂಗಿ ಗಲ್ಲಿಯ ಬಾಯಿಗೆ ಬಂದಾಗ ಘಾಟಿನ ನಾಯಿಗಳೂ ಮೇಲೆ ಬರುತ್ತವೆ. ಹಾಗೆ ಬಂದ ಒಂದು ಮರಿ ನಮ್ಮ ಕೆಳಗಿನ ಬಾಗಿಲಲ್ಲಿ ಒದ್ದೆಯಾಗಿ ಕೂತಿತ್ತು. ಕಂದು ಬಣ್ಣ, ಎದೆಯ ಮೇಲೆ ಒಂದು ಬಿಳಿ ಮಚ್ಚೆ, ಹೆಣ್ಣು. ಬ್ಯಾಂಕಿನಿಂದ ಬಂದವಳು ಚೀಲದೊಳಗಿಟ್ಟುಕೊಂಡು ಮೇಲೆ ತಂದೆ.

"ಮಳಿ ನಿಂತ ಮ್ಯಾಲ ಹೊರಗ ಬಿಡು. ಅಡಗಿಮನ್ಯಾಗ ಮಾತ್ರ ಬರಬಾರದು" ಎಂದರು ಅತ್ತೆ.

ಮಳೆ ನಿಂತಿತು, ಮರಿ ಉಳಿಯಿತು. ಹೆಸರೊಂದನ್ನು ನಾನು ಇಟ್ಟಿದ್ದೆ. ಅತ್ತೆ ಮಾತ್ರ ಅದನ್ನು ಒಂದು ದಿನವೂ ಆ ಹೆಸರಿನಿಂದ ಕರೆಯಲಿಲ್ಲ. "ಏ ಹುಡುಗೀ" ಎನ್ನುತ್ತಿದ್ದರು, ಅದು ಅದಕ್ಕೇ ಓಗೊಡುತ್ತಿತ್ತು. ನಾನು ಬೆಳಗ್ಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಅವರಿಬ್ಬರೇ. ಅತ್ತೆಗೆ ಹಿಂದಿ ಅಷ್ಟಕ್ಕಷ್ಟೆ. ದಿನವಿಡೀ ಕನ್ನಡ ಕೇಳುವುದಕ್ಕೆ ಸಿಕ್ಕ ಒಂದೇ ಜೀವ ಅದು. ವರ್ಷ ತುಂಬುವಷ್ಟರಲ್ಲಿ "ಸರಿ", "ಕುಂಡ್ರು", "ಅತ್ಲಾಗ ಹೋಗು" ಎಲ್ಲ ಅದಕ್ಕೆ ತಿಳಿಯುತ್ತಿದ್ದವು. ಗಲ್ಲಿಯ ಜನ ಕೂರಿಸಲು "ಬೈಠೋ" ಎಂದರೆ ಮುಖ ಮುಖ ನೋಡುತ್ತಿತ್ತು.

ಎರಡನೆಯ ಚಳಿಗಾಲದಲ್ಲಿ ಅದು ಕುಂಟತೊಡಗಿತು. ಹಿಂದಿನ ಬಲಗಾಲು. ಬೆಳಗ್ಗೆ ಎದ್ದ ಕೂಡಲೇ ಆ ಕಾಲಿನ ಬೆರಳ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಡೆಯುವುದು. ಘಾಟಿನ ತನಕ ಹೋಗುವಷ್ಟರಲ್ಲಿ ಸ್ವಲ್ಪ ಸಡಿಲಾಗುವುದು, ಸಂಜೆಗೆ ಮತ್ತೆ ಕುಂಟು. ಚಳಿಗೆ ಹೀಗೆ ಎಂದುಕೊಂಡೆ. ಹತ್ತಿರದ ಪಶುವೈದ್ಯರ ಬಳಿ ಕರೆದುಕೊಂಡು ಹೋದೆ. ವಯಸ್ಸಾದವರು, ಸೌಮ್ಯ ಮನುಷ್ಯ. ಅಂಗಾಲು ನೋಡಿದರು, ಮುಳ್ಳಿಲ್ಲ ಎಂದರು, ಒಂದು ಇಂಜೆಕ್ಷನ್ ಕೊಟ್ಟರು. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ ಮತ್ತೆ ಅದೇ. ಹೀಗೆ ನಾಲ್ಕೈದು ಸಲ ಆಯಿತು. "ದೇಸಿ ನಾಯಿ ಗಟ್ಟಿ ಜೀವ ಮೇಡಂ, ಬೆಳೆಯುತ್ತಾ ಸರಿಹೋಗುತ್ತದೆ" ಎನ್ನುತ್ತಿದ್ದರು.

ಗಲ್ಲಿಯವರು ತಲೆಗೊಂದು ಮದ್ದು ಹೇಳಿದರು. ಸಾಸಿವೆ ಎಣ್ಣೆಯಲ್ಲಿ ಬೆಳ್ಳುಳ್ಳಿ, ಓಮ ಹಾಕಿ ಕಾಸಿ ಹಚ್ಚಿ ಎಂದರು, ಹಚ್ಚಿದೆವು. ಅದು ನೆಕ್ಕಿಕೊಂಡು ವಾಂತಿ ಮಾಡಿತು. ಅರಿಸಿನದ ಪಟ್ಟು ಹಾಕಿದೆವು, ಮನೆಯ ಗೋಡೆಗಳು ಹಳದಿಯಾದವು. ಶಿವರಾತ್ರಿ ಹತ್ತಿರ ಬಂದಾಗ ಒಂದು ದಿನ ಅದರ ಬೆನ್ನ ಮೇಲೆ ಕೈಯಾಡಿಸುತ್ತಿದ್ದೆ. ಎಡತೊಡೆ ಕೈತುಂಬ ಇತ್ತು, ಬಲತೊಡೆ ಅದರ ಅರ್ಧವೂ ಇರಲಿಲ್ಲ. ಉಳಿದ ಮೈಯೆಲ್ಲ ಗುಂಡಗಿದ್ದು ಆ ಒಂದು ಕಾಲು ಒಣಗಿದ ಹಾಗೆ. ಇಷ್ಟು ದಿನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಅದೇ ವಾರ ಆದದ್ದು ಈಗ ಹೇಳಬೇಕಾದ ಸಂಗತಿ.

ಭಾನುವಾರ ಬೆಳಗ್ಗೆ ನಾಯಿ ಬಾಗಿಲ ಹತ್ತಿರ ಮಲಗಿದ್ದದ್ದು ಏಳಲಿಲ್ಲ. ಕರೆದರೆ ಬಾಲವನ್ನಷ್ಟೇ ಅಲುಗಿಸಿತು. ಬಾಯಿಯ ಒಸಡು ಬಿಳಿಚಿಕೊಂಡಿತ್ತು. ಮೂಲೆಯಲ್ಲಿ ಡಾಂಬರಿನ ಹಾಗೆ ಕಪ್ಪಗೆ ಮಲ ಹಾಕಿತ್ತು. ನಾನು ಏನು ತಿಂದಿತು, ಎಲ್ಲಿ ಹೋಗಿತ್ತು ಎಂದು ಗಾಬರಿಯಲ್ಲಿ ಕೇಳುತ್ತಿದ್ದಾಗ ಅತ್ತೆ ಮಂಚದ ಮೇಲೆ ಕೂತು ಸುಮ್ಮನೆ ಸೆರಗಿನ ತುದಿ ಹಿಂಡುತ್ತಿದ್ದರು.

"ನಾ ಕೊಟ್ಟೇನಿ" ಎಂದರು.

"ಏನ ಕೊಟ್ರಿ ಅತ್ಯಾರ?"

"ನನ್ನ ಮೊಣಕಾಲಿನ ಗುಳಗಿ. ಅರ್ಧ. ನಾಕ ದಿನಾ ಆತು, ರೊಟ್ಟ್ಯಾಗ ಇಟ್ಟು ಕೊಡಾಕತ್ತೇನಿ. ಅಕೀದೂ ನಂದೂ ಒಂದ ನೋವು ಅಂತ ತಿಳದೆ. ನನಗ ಆರಾಮ ಆಗತದಲ್ಲ, ಅಕಿಗೂ ಆಗತದ ಅಂತ."

ನಾಯಿಯನ್ನು ಹಳೆಯ ರಗ್ಗಿನಲ್ಲಿ ಸುತ್ತಿ ಎತ್ತಿಕೊಂಡು ಮೆಟ್ಟಿಲಿಳಿದೆ. ಹಿಂದಿನಿಂದ ಗೋಡೆ ಹಿಡಿಯುತ್ತ ಒಂದೊಂದೇ ಮೆಟ್ಟಿಲು ಅತ್ತೆಯೂ ಇಳಿದರು. ಬೇಡ ಎಂದರೂ ಕೇಳಲಿಲ್ಲ. ನಮ್ಮ ಗಲ್ಲಿಗೆ ಆಟೋ ಬರುವುದಿಲ್ಲ. ದೊಡ್ಡ ರಸ್ತೆಯವರೆಗೆ ನಾನು ನಾಯಿಯನ್ನು ಹೊತ್ತು ನಡೆದೆ, ಅವರು ನನ್ನ ಹಿಂದೆ ಆ ಕಾಲುಗಳಲ್ಲಿ ನಡೆದರು. ಹತ್ತಿರದ ವೈದ್ಯರ ಬಾಗಿಲು ಭಾನುವಾರ ಮುಚ್ಚಿತ್ತು. ಆಟೋದವನು ಊರಿನ ಇನ್ನೊಂದು ತುದಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ ಎಂದು ಅಲ್ಲಿಗೆ ಕರೆದೊಯ್ದ.

ಡಾಕ್ಟರಮ್ಮನಿಗೆ ಮೂವತ್ತರ ಆಸುಪಾಸು. ಅತ್ತೆ ತಂದಿದ್ದ ಗುಳಿಗೆಯ ಪಟ್ಟಿ ನೋಡಿದ ಕೂಡಲೇ ಆಕೆಗೆ ಅರ್ಥವಾಯಿತು. ಮನುಷ್ಯರ ನೋವಿನ ಗುಳಿಗೆ ನಾಯಿಯ ಹೊಟ್ಟೆಯನ್ನು ಒಳಗಿನಿಂದ ಸುಡುತ್ತದೆ, ರಕ್ತ ಸೋರಿದೆ ಎಂದರು. ಸಲೈನ್ ಏರಿಸಿದರು. ಮಧ್ಯಾಹ್ನದವರೆಗೆ ನಾವು ಅಲ್ಲಿಯೇ ಬೆಂಚಿನ ಮೇಲೆ ಕೂತಿದ್ದೆವು. ಕೊನೆಗೆ ಅತ್ತೆ ಡಾಕ್ಟರಮ್ಮನಿಗೆ ತಮ್ಮ ಮುರುಕು ಹಿಂದಿಯಲ್ಲಿ, "ಮೈ ದಿಯಾ. ಬಹೂ ನಹೀ ದಿಯಾ" ಎಂದರು. ತಪ್ಪು ನನ್ನದಲ್ಲ, ಕೊಟ್ಟವರು ತಾವು ಎನ್ನುವುದು ದಾಖಲಾಗಬೇಕಿತ್ತು ಅವರಿಗೆ.

ಡಾಕ್ಟರಮ್ಮ ನಕ್ಕು ಅವರ ಕೈ ಹಿಡಿದುಕೊಂಡರು. "ಅಮ್ಮಾಜಿ, ಅದು ಬದುಕುತ್ತದೆ. ಆದರೆ ಅದಕ್ಕೆ ನೋವು ಇದೆ ಅಂತ ನಂಬಿದವರು ನೀವೊಬ್ಬರೇ. ಆ ನೋವು ಎಲ್ಲಿಯದು ಅಂತ ಈಗ ನೋಡೋಣ."

ಹತ್ತು ದಿನ ಬಿಟ್ಟು, ಹೊಟ್ಟೆ ವಾಸಿಯಾದ ಮೇಲೆ, ನೋಡಿದರು. ಮೊದಲು ಅಂಗಳದಲ್ಲಿ ನಡೆಸಿದರು, ಕೂರಿಸಿದರು, ಮತ್ತೆ ಎಬ್ಬಿಸಿದರು. ಅದು ಯಾವಾಗಲೂ ಬಲಗಾಲನ್ನು ಪಕ್ಕಕ್ಕೆ ಚಾಚಿ ಕೂರುತ್ತಿತ್ತು. ನಮಗೆ ಅದು ಮುದ್ದಾಗಿ ಕಾಣುತ್ತಿತ್ತು, ಆಕೆಗೆ ಅದೇ ಸುಳಿವಾಯಿತು. ಮಂಪರು ಕೊಟ್ಟು ಎಕ್ಸ್‌ರೇ ತೆಗೆದರು. ಬೆಳಕಿಗೆ ಹಿಡಿದು ತೋರಿಸಿದಾಗ ನನ್ನಂಥವಳಿಗೂ ಗೊತ್ತಾಯಿತು. ಎಡಗಡೆ ತೊಡೆಮೂಳೆಯ ಗುಂಡು ತಲೆ ಸೊಂಟದ ಗುಳಿಯಲ್ಲಿ ಬಟ್ಟಲಲ್ಲಿಟ್ಟ ಹಾಗೆ ಕೂತಿತ್ತು. ಬಲಗಡೆ ಗುಳಿಯೇ ಆಳವಿರಲಿಲ್ಲ. ಮೂಳೆಯ ತಲೆ ಸವೆದು ಚಪ್ಪಟೆಯಾಗಿ, ಅರ್ಧ ಹೊರಗೆ ಜಾರಿತ್ತು. ಹೆಜ್ಜೆ ಹೆಜ್ಜೆಗೂ ಮೂಳೆಗೆ ಮೂಳೆ ಉಜ್ಜುತ್ತಿತ್ತು.

"ಆ ತಲೆಯನ್ನು ಕತ್ತರಿಸಿ ತೆಗೆಯಬೇಕು" ಎಂದರು ಡಾಕ್ಟರಮ್ಮ. "ಉಜ್ಜುವುದು ನಿಲ್ಲುತ್ತದೆ. ಕೀಲಿನ ಜಾಗದಲ್ಲಿ ಮಾಂಸಖಂಡವೇ ಗಟ್ಟಿಯಾಗಿ ಕಾಲನ್ನು ಹಿಡಿದುಕೊಳ್ಳುತ್ತದೆ. ಆದರೆ ಮಾಂಸಖಂಡ ತಾನಾಗಿ ಬರುವುದಿಲ್ಲ. ಕಾಲು ಬಳಸಿದರೆ ಮಾತ್ರ ಬರುತ್ತದೆ. ನನ್ನ ಕೆಲಸ ಒಂದು ಗಂಟೆಯದು. ನಿಮ್ಮದು ನಾಲ್ಕು ತಿಂಗಳಿನದು. ಮತ್ತೆ ಇನ್ನೊಂದು ವಿಷಯ. ಇದರ ತೂಕ ಐದು ಕಿಲೋ ಹೆಚ್ಚಿದೆ. ಏನು ಹಾಕುತ್ತೀರಿ ಇದಕ್ಕೆ?"

ನಾನು ಬೆಳಗ್ಗೆ ಸಂಜೆ ಹಾಕುವ ಅನ್ನದ ಅಳತೆ ಹೇಳಿದೆ. ಅಷ್ಟಕ್ಕೆ ಇಷ್ಟು ದಪ್ಪಗಾಗುವುದಿಲ್ಲ ಎಂದರು. ಇಬ್ಬರೂ ಅತ್ತೆಯ ಕಡೆ ನೋಡಿದೆವು.

"ಮಧ್ಯಾಹ್ನ ನಾ ಉಣ್ಣೂ ಮುಂದ ಮಾರಿ ನೋಡತದ" ಎಂದರು ಅತ್ತೆ. "ಒಂದು ರೊಟ್ಟಿ ಕೊಡತೇನಿ. ತುಪ್ಪ ಹಚ್ಚಿ. ಒಮ್ಮೊಮ್ಮೆ ಎರಡು."

ಅವತ್ತಿನಿಂದ ಮಧ್ಯಾಹ್ನದ ರೊಟ್ಟಿ ನಿಂತಿತು. ಬದಲಿಗೆ ಬೇಯಿಸಿದ ಸೋರೆಕಾಯಿ, ಕ್ಯಾರೆಟ್ಟು. ನಾಯಿ ನೋಡುತ್ತಿದ್ದರೆ ತಮಗೆ ತುತ್ತು ಇಳಿಯುವುದಿಲ್ಲವೆಂದು ಅತ್ತೆ ತಾವೂ ಸೋರೆಕಾಯಿ ಪಲ್ಯವನ್ನೇ ಹಾಕಿಕೊಂಡು ಅದರ ಎದುರು ಕೂತು ಉಣ್ಣುತ್ತಿದ್ದರು.

ಹೋಳಿ ಕಳೆದ ಮೇಲೆ ಆಪರೇಷನ್ ಆಯಿತು. ತೊಡೆಯ ಕೂದಲು ಬೋಳಿಸಿ ಹೊಲಿಗೆ ಹಾಕಿದ ನಾಯಿಯನ್ನು ಮನೆಗೆ ತಂದಾಗ ನೆಲದ ಮೇಲೆ ಎರಡು ಜಮಖಾನೆ ಹಾಸಿದ್ದವು. ನುಣುಪು ಕಲ್ಲಿನ ಮೇಲೆ ಕಾಲು ಜಾರಬಾರದು ಎಂದು ಡಾಕ್ಟರಮ್ಮ ಹೇಳಿದ್ದರು. ಅತ್ತೆ ಟ್ರಂಕಿನ ತಳದಿಂದ ನವಲಗುಂದದ ಜಮಖಾನೆ ತೆಗೆದಿದ್ದರು. ತವರಿನವರು ಮದುವೆಯಲ್ಲಿ ಕೊಟ್ಟದ್ದು, ಮಗನ ಮುಂಜಿಯಲ್ಲಿಯೂ ಹಾಸಿರಲಿಲ್ಲವಂತೆ. ನಾನು ಸುಮ್ಮನಿದ್ದೆ. ಕೇಳಿದ್ದರೆ ತೆಗೆದಿಡುತ್ತಿದ್ದರೇನೋ.

ಮೂರನೆಯ ದಿನದಿಂದ ವ್ಯಾಯಾಮ. ನಾಯಿಯನ್ನು ಎಡಮಗ್ಗುಲಿಗೆ ಮಲಗಿಸಿ, ಬಲಗಾಲನ್ನು ನಿಧಾನವಾಗಿ ಹಿಂದಕ್ಕೆ ಎಳೆದು, ಹತ್ತು ಎಣಿಸಿ, ಮತ್ತೆ ಮುಂದಕ್ಕೆ ತರಬೇಕು. ಬೆಳಗ್ಗೆ ಹದಿನೈದು ಸಲ, ಸಂಜೆ ಹದಿನೈದು ಸಲ, ನಾನು ಮಾಡುವುದು. ಮಧ್ಯಾಹ್ನದ ಹದಿನೈದು ಅತ್ತೆಯದು. ನೆಲಕ್ಕೆ ಕೂರಲು ಅವರಿಗೆ ಆಗುವುದಿಲ್ಲ. ಹಾಗಾಗಿ ಹಾಸಿಗೆಯ ಮೇಲೆಯೇ ನಾಯಿಯನ್ನು ಮಲಗಿಸಿಕೊಳ್ಳುತ್ತಿದ್ದರು. ಅಡುಗೆಮನೆಗೆ ಬರಬಾರದಾಗಿದ್ದ ನಾಯಿ ಅವರ ಹಾಸಿಗೆಯ ಮೇಲೆ ಮಲಗಿತು.

ಒಂದು ದಿನ ಅರ್ಧ ದಿನದ ರಜೆ ಹಾಕಿ ಮನೆಗೆ ಬಂದೆ. ಒಳಗಿನಿಂದ ಎಣಿಕೆ ಕೇಳುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದರೆ ಅತ್ತೆ ನಾಯಿಯ ಕಾಲನ್ನು ಹಿಂದಕ್ಕೆಳೆದು ಹಿಡಿದಿದ್ದಾರೆ, ಜೊತೆಗೆ ಮಂಚದಿಂದ ಇಳಿಬಿಟ್ಟ ತಮ್ಮ ಒಂದು ಕಾಲನ್ನೂ ನೆಟ್ಟಗೆ ಮುಂದೆ ಚಾಚಿ ಹಿಡಿದಿದ್ದಾರೆ. ಹುಬ್ಬಳ್ಳಿಯಲ್ಲಿ ಮೊಣಕಾಲಿಗೆ ಡಾಕ್ಟರು ಇದೇ ವ್ಯಾಯಾಮ ಬರೆದುಕೊಟ್ಟಿದ್ದರು. ಆರು ವರ್ಷ ಆ ಚೀಟಿ ದೇವರ ಫೋಟೋದ ಹಿಂದೆ ಇತ್ತು.

"ಹೆಂಗೂ ಎಣಿಸಾಕತ್ತೇನಿ" ಎಂದರು, ನನ್ನನ್ನು ನೋಡಿ. "ಒಂದ ಎಣಿಕ್ಯಾಗ ಎರಡು ಕೆಲಸ."

ಒಂದು ತಿಂಗಳಾಯಿತು. ಹೊಲಿಗೆ ಬಿಚ್ಚಿ, ಕೂದಲು ಬಂದು, ಗಾಯದ ಗುರುತೂ ಮುಚ್ಚಿತು. ಆದರೆ ನಾಯಿ ಕಾಲೂರಲಿಲ್ಲ. ಮೂರು ಕಾಲಿನಲ್ಲಿ ಕುಪ್ಪಳಿಸುತ್ತ ಎಲ್ಲ ಕೆಲಸ ಮುಗಿಸುತ್ತಿತ್ತು. ನಾಲ್ಕನೆಯ ಕಾಲು ಹೊಟ್ಟೆಯ ಕೆಳಗೆ ಮಡಚಿಕೊಂಡೇ ಇತ್ತು. ತೊಡೆ ಇನ್ನೂ ಸಣ್ಣಗಾದಂತೆ ಕಾಣುತ್ತಿತ್ತು. ನನಗೆ ಧೈರ್ಯ ಕುಸಿಯಿತು. ಸುಮ್ಮನೆ ಒಂದು ಜೀವಕ್ಕೆ ಕತ್ತರಿ ಹಾಕಿಸಿದೆನೇನೋ ಅನ್ನಿಸಿತು. ಗಂಡನಿಗೆ ಫೋನಿನಲ್ಲಿ ಹೇಳಿಕೊಂಡು ಅತ್ತುಬಿಟ್ಟೆ.

ಡಾಕ್ಟರಮ್ಮ ಮಾತ್ರ ಬೇರೆಯೇ ಕೇಳಿದರು. "ಮೆಟ್ಟಿಲಿನಲ್ಲಿ ಎತ್ತಿಕೊಳ್ಳುತ್ತೀರಾ?"

"ಹೌದು."

"ಗಲ್ಲಿಯಲ್ಲಿ?"

"ದೊಡ್ಡ ರಸ್ತೆಯ ತನಕ ಎತ್ತಿಕೊಳ್ಳುತ್ತೇನೆ. ಪಾಪ."

"ಆ ಪಾಪ ಅನ್ನುವುದನ್ನು ಬಿಡಿ. ನೋವು ಹೋಗಿದೆ, ನಾನು ಈಗಷ್ಟೇ ಒತ್ತಿ ನೋಡಿದೆ. ನೋವಿನ ಹೆದರಿಕೆ ಮಾತ್ರ ಉಳಿದಿದೆ. ನೀವೂ ಅದೂ ಸೇರಿ ಆ ಹೆದರಿಕೆಯನ್ನು ಸಾಕುತ್ತಿದ್ದೀರಿ."

ಎರಡು ಕೆಲಸ ಹೇಳಿಕೊಟ್ಟರು. ಒಂದು, ದಿನಕ್ಕೆರಡು ಸಲ ಐದೈದು ನಿಮಿಷ, ಒಳ್ಳೆಯ ಕಾಲಿನ ಅಂಗಾಲಿಗೆ ಬಾಟಲಿಯ ಒಂದು ಮುಚ್ಚಳ ಕಟ್ಟುವುದು. ಒಳ್ಳೆಯ ಕಾಲು ಊರಲು ಕಿರಿಕಿರಿಯಾದರೆ ಇನ್ನೊಂದನ್ನು ಊರಲೇಬೇಕು. ಎರಡು, ಈಜು. ನೀರಿನಲ್ಲಿ ಮೈ ಹಗುರ, ನಾಲ್ಕೂ ಕಾಲು ಆಡಿಸದೆ ಗತಿಯಿಲ್ಲ. "ಗಂಗೆಯ ದಂಡೆಯಲ್ಲಿದ್ದೀರಿ. ಬೇರೆ ಊರಿನವರಿಗೆ ನಾನು ಇದನ್ನು ಹೇಳಲು ಆಗುವುದಿಲ್ಲ" ಎಂದರು.

ಮುಚ್ಚಳದ ಕೆಲಸ ಅತ್ತೆ ವಹಿಸಿಕೊಂಡರು. ಹಳೆಯ ರವಿಕೆಯ ತೋಳು ಕತ್ತರಿಸಿ, ಒಂದು ಪುಟ್ಟ ಕಾಲುಚೀಲ ಹೊಲಿದು, ಒಳಗೆ ಮುಚ್ಚಳ ಕೂರುವಂತೆ ಜೇಬು ಮಾಡಿ, ಮೇಲೆ ಲಾಡಿ ಇಟ್ಟರು. ಕಟ್ಟಿದ ಮೊದಲ ದಿನ ನಾಯಿ ಅಲ್ಲಾಡದೆ ಕಲ್ಲಿನ ಹಾಗೆ ನಿಂತಿತು. ಎರಡನೆಯ ದಿನ ಕಚ್ಚಿ ಎಳೆಯಿತು. ಮೂರನೆಯ ದಿನ ಅತ್ತೆ ಜಮಖಾನೆಯ ಆ ತುದಿಯಲ್ಲಿ ಒಂದು ತುಂಡು ಬೇಯಿಸಿದ ಕ್ಯಾರೆಟ್ ಹಿಡಿದು, "ಬಾ ಹುಡುಗೀ" ಎಂದು ಕರೆದರು. ಅದು ಎಡಗಾಲು ಊರಿ ಥಟ್ಟನೆ ಎತ್ತಿತು. ಮತ್ತೆ ಊರಿ, ಮತ್ತೆ ಎತ್ತಿತು. ಆಮೇಲೆ, ಬಹಳ ಹೊತ್ತು ಯೋಚಿಸಿದ ಹಾಗೆ ನಿಂತು, ಬಲಗಾಲನ್ನು ಇಳಿಸಿ ಜಮಖಾನೆಯ ಮೇಲಿಟ್ಟಿತು. ಒಂದು ಹೆಜ್ಜೆ. ಎರಡನೆಯ ಹೆಜ್ಜೆಯೂ ಬಿತ್ತು. ಅತ್ತೆ ಕ್ಯಾರೆಟ್ ಕೊಟ್ಟು ಅದರ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಲಿಲ್ಲವೆನ್ನುವಂತೆ ಅಡುಗೆಮನೆಗೆ ಹೋದೆ.

ಈಜಿಗೆ ನೆರವಾದವನು ಶಿವಾಲ ಘಾಟಿನ ಒಬ್ಬ ಅಂಬಿಗ. ಐವತ್ತು ದಾಟಿದವನು, ಎದೆ ಅಗಲ, ಮಾತು ಕಡಿಮೆ. ಬೆಳಗ್ಗೆ ಯಾತ್ರಿಕರ ಮೊದಲ ದೋಣಿ ಹೋಗಿ ಬಂದ ಮೇಲೆ ಅವನಿಗೆ ಅರ್ಧ ಗಂಟೆ ಬಿಡುವು. ವೈಶಾಖದ ನೀರು ಇಳಿದು ಸಮಾಧಾನವಾಗಿತ್ತು. ನಾಯಿಯ ಹೊಟ್ಟೆಯ ಕೆಳಗೆ ತನ್ನ ಗಮ್ಛಾ, ಅಂದರೆ ಹೆಗಲ ಮೇಲಿನ ಆ ಕೆಂಪು ಚೌಕುಳಿಯ ವಸ್ತ್ರ, ಹಾಯಿಸಿ ಎರಡೂ ತುದಿ ಹಿಡಿದು ಎದೆಮಟ್ಟದ ನೀರಿಗಿಳಿದ. ಗಂಗೆಯ ದಂಡೆಯಲ್ಲಿ ಹುಟ್ಟಿದ ನಾಯಿ ಅದು, ಆದರೆ ನೀರೆಂದರೆ ಪ್ರಾಣಭಯ. ಬಹುಶಃ ಆ ಪ್ರವಾಹ ನೆನಪಿತ್ತೋ ಏನೋ. ಮೊದಲ ದಿನ ಅವನ ತೋಳಿನುದ್ದಕ್ಕೂ ಪರಚಿತು. ನಾನು ಕ್ಷಮೆ ಕೇಳಲು ಹೋದರೆ ಅವನು ತೋಳನ್ನು ನೀರಿನಲ್ಲಿ ಅದ್ದಿ, "ನಮ್ಮ ಮಕ್ಕಳೂ ಮೊದಲ ದಿನ ಹೀಗೇ ಮಾಡಿದ್ದವು ದೀದಿ" ಎಂದ. ನಾಯಿಗೆ, ಮಗಳನ್ನು ಕರೆಯುವ ಹಾಗೆ, "ಬಿಟಿಯಾ, ಗಂಗಾ ಮಯ್ಯಾ ನಿನ್ನನ್ನು ಮುಳುಗಿಸುವುದಿಲ್ಲ" ಎಂದ.

ಎರಡು ವಾರದಲ್ಲಿ ಗಮ್ಛಾ ಸಡಿಲಾಯಿತು. ಮೂರನೆಯ ವಾರ ಅವನು ನನಗೆ ಹೇಳದೆಯೇ ಒಂದು ತುದಿ ಬಿಟ್ಟುಬಿಟ್ಟ. ನಾಯಿ ಗೊತ್ತಾಗದೆ ಮುಂದೆ ಹೋಯಿತು. ತಲೆ ಮಾತ್ರ ನೀರಿನ ಮೇಲೆ, ಕಿವಿ ಹಿಂದಕ್ಕೆ. ತಿಳಿನೀರಿನಲ್ಲಿ ಬಲಗಾಲು ಎಡಗಾಲಿನ ಜೊತೆ ಜೊತೆಗೇ ತುಳಿಯುತ್ತಿರುವುದು ನನಗೆ ಮೆಟ್ಟಿಲ ಮೇಲಿನಿಂದ ಕಾಣುತ್ತಿತ್ತು. ಅವನ ದೋಣಿಯನ್ನು ಒಂದು ಸುತ್ತು ಹಾಕಿ ಅದು ದಡಕ್ಕೆ ಬಂದು, ಮೈ ಕೊಡವಿ, ನನ್ನ ಬ್ಯಾಂಕಿನ ಸೀರೆಯನ್ನೆಲ್ಲ ತೋಯಿಸಿತು. ಆ ದಿನ ಕೌಂಟರಿನಲ್ಲಿ ಒದ್ದೆ ಸೀರೆಯಲ್ಲೇ ಕೂತಿದ್ದೆ, ಎಲ್ಲರಿಗೂ ನಗುನಗುತ್ತ ಉತ್ತರಿಸಿದೆ.

ಆದರೂ ಅದು ಓಡುತ್ತಿರಲಿಲ್ಲ. ನಡೆಯುವಾಗ ಕಾಲೂರುತ್ತಿತ್ತು, ಅವಸರವಾದರೆ ಮತ್ತೆ ಮಡಚುತ್ತಿತ್ತು. ಮೆಟ್ಟಿಲು ಕಂಡರೆ ನಿಂತು ನನ್ನ ಮುಖ ನೋಡುತ್ತಿತ್ತು. ಎತ್ತಿಕೊಳ್ಳದೆ ನಾನು ನಿಂತುಕೊಂಡರೆ, ಒಂದೊಂದೇ ಹತ್ತುತ್ತಿತ್ತು, ಬೈದುಕೊಳ್ಳುವವರ ಹಾಗೆ.

ಜ್ಯೇಷ್ಠದ ಬಿಸಿಲಿನಲ್ಲಿ ಅತ್ತೆ ಅಕ್ಕಿ ಸಂಡಿಗೆಗೆ ಹಿಟ್ಟು ಬೇಯಿಸಿದರು. ತಾರಸಿಯ ಮೇಲೆ ನಾನೇ ಬಟ್ಟೆ ಹಾಸಿ, ಹಿಟ್ಟು ಹೊತ್ತುಕೊಂಡು ಹೋಗಿ, ಬೆಳಗ್ಗೆ ಬೇಗ ಇಟ್ಟು ಬಂದಿದ್ದೆ. ಮೇಲಕ್ಕೆ ಹದಿನಾರು ಮೆಟ್ಟಿಲು, ಅತ್ತೆ ಬನಾರಸ್ಸಿಗೆ ಬಂದಾಗಿನಿಂದ ತಾರಸಿ ನೋಡಿರಲಿಲ್ಲ. ಕಾವಲಿಗೆ ಒಂದು ಕೋಲು ಹಿಡಿದು ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ರಜೆಯ ದಿನ, ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಮೇಲೆ ದಡದಡ ಸದ್ದಾಯಿತು. ಕೋತಿಗಳ ಹಿಂಡು ಬಂದಿತ್ತು.

"ಹುಡುಗೀ, ಮಂಗ್ಯಾ" ಎಂದರು ಅತ್ತೆ.

ಜಮಖಾನೆಯ ಮೇಲೆ ಮಲಗಿದ್ದ ನಾಯಿ ಎದ್ದದ್ದು ನಾನು ನೋಡಿದೆ, ಮೆಟ್ಟಿಲ ಬಳಿ ನಿಲ್ಲದೆ ಹೋದದ್ದನ್ನೂ ನೋಡಿದೆ. ನಾಲ್ಕೂ ಕಾಲು ಸೇರಿಸಿ, ಎರಡೆರಡು ಮೆಟ್ಟಿಲು ಹಾರುತ್ತ, ಉಗುರಿನ ಸದ್ದು ಮಾಡುತ್ತ ಅದು ಮೇಲೆ ಹೋಯಿತು. ಬೊಗಳಿಕೆ, ಕೋತಿಗಳ ಕಿರುಚಾಟ, ಪಕ್ಕದ ಮನೆಯ ತಗಡಿನ ಮೇಲೆ ಧಡಾರೆಂದು ಹಾರಿದ ಸದ್ದು. ನಾನು ಓಡಿದೆ. ತಾರಸಿಯಲ್ಲಿ ನಾಯಿ ಈ ಮೂಲೆಯಿಂದ ಆ ಮೂಲೆಗೆ ಬಾಣದ ಹಾಗೆ ಓಡುತ್ತಿತ್ತು. ತಿರುಗುವಲ್ಲಿ ಬಲಗಾಲಿನ ಮೇಲೆಯೇ ಪೂರ್ತಿ ಭಾರ ಹಾಕಿ ತಿರುಗುತ್ತಿತ್ತು. ಕೊನೆಯ ದಡೂತಿ ಕೋತಿ ಗೋಡೆಯ ಮೇಲೆ ಕೂತು ಹಲ್ಲು ಕಿರಿಯಿತು. ನಾಯಿ ಹಿಂಗಾಲೆರಡರ ಮೇಲೆ ಎದ್ದು ನಿಂತು ಗೋಡೆಗೆ ಮುಂಗಾಲು ಹಚ್ಚಿತು. ಕೋತಿ ಮುಂದಿನ ಮನೆಗೆ ಹಾರಿತು.

ಸಂಡಿಗೆ ಅರ್ಧಕ್ಕರ್ಧ ಚೆಲ್ಲಾಪಿಲ್ಲಿಯಾಗಿತ್ತು. ನಾನು ಅದರ ಮಧ್ಯೆಯೇ ನೆಲಕ್ಕೆ ಕೂತು ಅತ್ತುಬಿಟ್ಟೆ. ಹೆಗಲ ಮೇಲೆ ಒಂದು ಕೈ ಬಿತ್ತು. ತಿರುಗಿದರೆ ಅತ್ತೆ. ಕೋಲೂರಿಕೊಂಡು ಹದಿನಾರು ಮೆಟ್ಟಿಲು ಹತ್ತಿ ಬಂದಿದ್ದರು, ಏದುಸಿರು ಬಿಡುತ್ತಿದ್ದರು.

"ನೀವು ಹೆಂಗ ಬಂದ್ರಿ ಅತ್ಯಾರ?"

"ಅಕಿ ಹತ್ತಿದ್ಲಲ್ಲ" ಎಂದರು. ಆಮೇಲೆ ಮೊದಲ ಸಲ ನೋಡುತ್ತಿದ್ದ ಆ ತಾರಸಿಯ ಅಂಚಿಗೆ ಹೋಗಿ, ಕೆಳಗೆ ಬಿಸಿಲಿನಲ್ಲಿ ಹರಡಿಕೊಂಡ ನದಿಯನ್ನೂ ಆಚೆ ದಡದ ಮರಳನ್ನೂ ಬಹಳ ಹೊತ್ತು ನೋಡಿದರು. ನಾಯಿ ಅವರ ಪಕ್ಕದಲ್ಲಿ ನಾಲಗೆ ಚಾಚಿಕೊಂಡು ನಿಂತಿತ್ತು. ನಾಲ್ಕು ಕಾಲಿನ ಮೇಲೆ.

ಆಷಾಢದಲ್ಲಿ ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರಮ್ಮ ಟೇಪು ಹಿಡಿದು ಎರಡೂ ತೊಡೆ ಅಳೆದರು. ಒಂದು ಬೆರಳಿನಷ್ಟು ವ್ಯತ್ಯಾಸ ಉಳಿದಿತ್ತು. ಅದು ಹಾಗೇ ಇರಬಹುದು, ಚಳಿಯಲ್ಲಿ ಬೆಳಗ್ಗೆ ಸ್ವಲ್ಪ ಬಿಗಿಯಬಹುದು, ದಪ್ಪಗಾಗಲು ಬಿಡಬೇಡಿ ಎಂದರು. ಆಮೇಲೆ ಅತ್ತೆಗೆ ಕೈಮುಗಿದರು.

ಈಗ ಸಂಜೆ ನಾವು ಮೂವರೂ ಕೇದಾರ ಘಾಟಿನ ತನಕ ನಡೆಯುತ್ತೇವೆ. ಹೋದ ತಿಂಗಳು ಗಲ್ಲಿಯ ತಿರುವಿನಲ್ಲಿ ಮಿಠಾಯಿ ಅಂಗಡಿಯವನು ನಮ್ಮನ್ನು ನಿಲ್ಲಿಸಿದ. ಅವನ ನಾಯಿ ದುಂಡಗೆ, ಕರ್ರಗೆ, ಕಟ್ಟೆಯ ಮೇಲೆ ಮಲಗಿತ್ತು. ಎರಡು ತಿಂಗಳಿಂದ ಹಿಂಗಾಲು ಎಳೆಯುತ್ತದೆ, ನಿಮ್ಮದಕ್ಕೆ ಏನು ಮಾಡಿದಿರಿ ಎಂದು ನನ್ನನ್ನು ಕೇಳಿದ. ನಾನು ಉತ್ತರಿಸುವ ಮೊದಲೇ ಅತ್ತೆ ಮುಂದೆ ಬಂದರು. ಕೋಲನ್ನು ನನ್ನ ಕೈಗೆ ಕೊಟ್ಟು, ಬಗ್ಗಿ, ಆ ನಾಯಿಯ ಎರಡೂ ತೊಡೆಗಳನ್ನು ಒತ್ತಿ ನೋಡಿದರು. ಎಕ್ಸ್‌ರೇ ತೆಗೆಸಬೇಕು, ಮನುಷ್ಯರ ಗುಳಿಗೆ ಕೊಡಲೇಬಾರದು ಎಂದು ತಮ್ಮ ಹಿಂದಿಯಲ್ಲಿ ಎರಡೆರಡು ಸಲ ಹೇಳಿದರು. ಅಷ್ಟರಲ್ಲಿ ಅಂಗಡಿಯವನ ಕೈ ಅಭ್ಯಾಸಬಲದಿಂದ ಜಿಲೇಬಿಯ ಒಂದು ತುಂಡನ್ನು ತನ್ನ ನಾಯಿಯ ಬಾಯಿಯ ಕಡೆಗೆ ಒಯ್ಯುತ್ತಿತ್ತು.

"ಪಹಲೇ ವೋ ನೀಚೇ ರಖೋ" ಎಂದರು ಅತ್ತೆ, ಮೊದಲು ಅದನ್ನು ಕೆಳಗಿಡು ಎಂದು ಜಿಲೇಬಿಯತ್ತ ಬೆರಳು ತೋರಿಸಿ.

ಅವನು ಜಿಲೇಬಿಯನ್ನು ತಟ್ಟೆಗೆ ಹಾಕಿ, ಕೈ ಒರೆಸಿಕೊಂಡು, ಡಾಕ್ಟರಮ್ಮನ ವಿಳಾಸ ಬರೆದುಕೊಳ್ಳಲು ಕಾಗದ ಹುಡುಕಿದ.